ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿನಲ್ಲಿ ಬರೆಯಲು ಕಲಿಯೋಣ

ಕೆಲವು ವಾರಗಳ ಹಿಂದೆ ಕೊಲ್ಲಿಯಿಂದ ನಮ್ಮೂರಿನ ಹುಡುಗನೊಬ್ಬ ಫೋನ್ ಮಾಡಿದ. ಬಿ.ಕಾಂ. ಮುಗಿಸಿ ಹೋದವ, ಕಟ್ಟಡ ಕಾಮಗಾರಿಯ ಸೈಟ್ ಒಂದರಲ್ಲಿ ಸ್ಟೋರ್ ಕೀಪರ್. ಸ್ಕ್ಯಾಫೋಲ್ಡಿಂಗ್‌ನ ಹಲಗೆ ಜಾರಿ ನೇಪಾಳದ ಕಾರ್ಮಿಕನೊಬ್ಬನ ಪಾದದ ಮೇಲೆ ಬಿದ್ದಿತ್ತು. ಹತ್ತಿರದಲ್ಲಿ ನಿಂತು ಕಣ್ಣಾರೆ ನೋಡಿದ್ದು ಇವನೊಬ್ಬನೇ. "ನೋಡಿದ್ದನ್ನು ಬರೆದು ಕೊಡು" ಎಂದು ಸೇಫ್ಟಿ ಆಫೀಸರ್ ಹೇಳಿದ. ಇವ ರಾತ್ರಿ ಕೂತು ಒಂದೂವರೆ ಪುಟ ಬರೆದು ಕೊಟ್ಟ. ಮರುದಿನ ಅದು ವಾಪಸ್ ಬಂತು. ಮತ್ತೆ ಬರೆದ, ಮತ್ತೆ ವಾಪಸ್. "ನನಗೆ ಇಂಗ್ಲಿಷ್ ಬರುವುದಿಲ್ಲ ಅಂತ ಅಲ್ಲ, ಆದರೂ ಏನು ತಪ್ಪು ಅಂತ ಗೊತ್ತಾಗುವುದಿಲ್ಲ" ಎಂದು ಮಂಡೆಬಿಸಿ ಮಾಡಿಕೊಂಡು ಫೋನ್ ಮಾಡಿದ್ದ.

ಆ ಬರಹವನ್ನು ವಾಟ್ಸ್ಆ್ಯಪ್‌ನಲ್ಲಿ ತರಿಸಿ ನಾವು ಓದಿದೆವು. ವ್ಯಾಕರಣದ ತಪ್ಪು ಎರಡೋ ಮೂರೋ ಇತ್ತು. ತೊಂದರೆ ಅದಲ್ಲ. 'ವಿತ್ ಡ್ಯೂ ರೆಸ್ಪೆಕ್ಟ್' ಎಂದು ಸುರುವಾಗಿತ್ತು. ಪೆಟ್ಟಾದ ಕಾರ್ಮಿಕ ತುಂಬಾ ಒಳ್ಳೆಯವ, ಕಷ್ಟಪಟ್ಟು ದುಡಿಯುವವ, ಊರಲ್ಲಿ ಅವನಿಗೆ ಸಣ್ಣ ಮಕ್ಕಳಿದ್ದಾರೆ ಎಂದು ಐದು ಸಾಲು. ದೇವರ ದಯೆಯಿಂದ ದೊಡ್ಡ ಅನಾಹುತ ತಪ್ಪಿತು ಎಂದು ಎರಡು ಸಾಲು. ಇಂಥ ಘಟನೆ ಮುಂದೆ ಆಗಬಾರದು ಎಂದು ಒಂದು ಪ್ಯಾರಾ. ಕೊನೆಗೆ 'ಡೂ ದ ನೀಡ್‌ಫುಲ್'. ಎಷ್ಟು ಗಂಟೆಗೆ ಬಿತ್ತು? ಯಾವ ಕಟ್ಟಡ, ಎಷ್ಟನೇ ಅಂತಸ್ತು? ಎಡಗಾಲೋ ಬಲಗಾಲೋ? ಹಲಗೆ ಕಟ್ಟಿತ್ತೋ ಇಲ್ಲವೋ? ಕ್ಲಿನಿಕ್ಕಿಗೆ ಯಾರು ಕೊಂಡು ಹೋದರು? ಇದರಲ್ಲಿ ಒಂದೂ ಇರಲಿಲ್ಲ. ಹುಡುಗನ ಮನಸ್ಸು ಒಳ್ಳೆಯದು, ಆದರೆ ಆ ಒಂದೂವರೆ ಪುಟದಿಂದ ಕಾಲಿಗೆ ಪೆಟ್ಟಾದವನಿಗೆ ಕಿಂಚಿತ್ತೂ ಉಪಕಾರವಾಗಲಿಲ್ಲ. ರಿಪೋರ್ಟ್ ಸೇರದೆ ಅವನ ಇನ್ಶೂರೆನ್ಸ್ ಫೈಲು ಟೇಬಲ್ ಬಿಟ್ಟು ಕದಲಲಿಲ್ಲ.

ಇದು ಒಬ್ಬನ ಕತೆಯಲ್ಲ. ಶಾಲೆ, ಕಾಲೇಜುಗಳಲ್ಲಿ ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಪ್ರಬಂಧ ಬರೆದಿದ್ದಾರೆ, ರಜೆ ಅರ್ಜಿ ಬರೆದಿದ್ದಾರೆ, ಭಾಷಣ ಬಾಯಿಪಾಠ ಮಾಡಿದ್ದಾರೆ. ಪ್ರಬಂಧದಲ್ಲಿ ಭಾವನೆಗೆ, ಒಳ್ಳೆಯ ಮಾತಿಗೆ, ಉಪದೇಶಕ್ಕೆ ಅಂಕ ಸಿಗುತ್ತದೆ. ಅರ್ಜಿಯಲ್ಲಿ ವಿನಯಕ್ಕೆ ಬೆಲೆ. ಆದರೆ ಸತ್ಯಸಂಗತಿಯ ವರದಿ ಎನ್ನುವುದು ಬೇರೆಯೇ ಜಾತಿಯ ಬರಹ. ಅಲ್ಲಿ ಬರೆಯುವವನ ಮನಸ್ಸಿನಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ. ಓದುವವ ಆ ಜಾಗದಲ್ಲಿ ಇರಲಿಲ್ಲ, ಇದ್ದಿದ್ದರೆ ಏನು ಕಾಣುತ್ತಿತ್ತೋ ಅದನ್ನು ಅವನಿಗೆ ತೋರಿಸಬೇಕು, ಅಷ್ಟೇ. ಇದನ್ನು ಬೇರೆಯಾಗಿ ಕಲಿಸಬೇಕು. ಅದಕ್ಕೇ ಈ ವಾರ ಈ ವಿಷಯ.

ಇಂಥ ವರದಿಗಳಲ್ಲಿ ಎರಡು ಬಗೆ. ಒಂದು, ಒಂದು ವಸ್ತುವಿನ ಅಥವಾ ಪ್ರಾಣಿಯ ಬಗ್ಗೆ ಮಾಹಿತಿ ಕೊಡುವುದು. ಇನ್ನೊಂದು, ನಡೆದ ಒಂದು ಘಟನೆಯನ್ನು ಹೇಳುವುದು. ಎರಡನ್ನೂ ಕಲಸಿದರೆ ಬರಹ ಕೆಡುತ್ತದೆ.

ಮೊದಲ ಬಗೆಗೆ ನಮ್ಮ ಅಡುಗೆ ಮನೆಯಿಂದಲೇ ಉದಾಹರಣೆ ತೆಗೆಯುವ. ಬೂತಾಯಿಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಮಾಹಿತಿ ವರದಿ ಬರೆ ಎಂದು ಎಂಟನೇ ಕ್ಲಾಸಿನ ಮಗುವಿಗೆ ಹೇಳಿ ನೋಡಿ. ಹೆಚ್ಚಿನವರು 'ಬೂತಾಯಿ ನನಗೆ ತುಂಬಾ ಇಷ್ಟ' ಎಂದೇ ಸುರು ಮಾಡುತ್ತಾರೆ. ವರದಿ ಹಾಗೆ ಸುರುವಾಗುವುದಿಲ್ಲ. ಮೊದಲ ಸಾಲಿನಲ್ಲಿ ಅದು ಏನು, ಯಾವ ಗುಂಪಿಗೆ ಸೇರಿದ್ದು ಎಂದು ಹೇಳಬೇಕು: ಬೂತಾಯಿ ಒಂದು ಕಡಲ ಮೀನು, ಇಂಗ್ಲಿಷಿನಲ್ಲಿ ಇಂಡಿಯನ್ ಆಯಿಲ್ ಸಾರ್ಡೀನ್, ವಿಜ್ಞಾನದ ಹೆಸರು ಸಾರ್ಡಿನೆಲ್ಲಾ ಲಾಂಜಿಸೆಪ್ಸ್. ಎರಡನೇ ಪ್ಯಾರಾದಲ್ಲಿ ನೋಡಲು ಹೇಗಿದೆ: ಉದ್ದ ಎಷ್ಟು, ಬಣ್ಣ ಏನು. ಮೂರನೆಯದರಲ್ಲಿ ಎಲ್ಲಿ ಇರುತ್ತದೆ, ಏನು ತಿನ್ನುತ್ತದೆ: ದಡಕ್ಕೆ ಹತ್ತಿರದ ನೀರಿನಲ್ಲಿ ದೊಡ್ಡ ಗುಂಪಾಗಿ ಈಜುತ್ತದೆ, ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯ, ಜೀವಿಗಳನ್ನು ತಿನ್ನುತ್ತದೆ. ನಾಲ್ಕನೆಯದರಲ್ಲಿ ಮನುಷ್ಯರಿಗೆ ಅದರ ಉಪಯೋಗ: ಊಟಕ್ಕೆ, ಎಣ್ಣೆಗೆ, ಫಿಶ್‌ಮೀಲ್ ಫ್ಯಾಕ್ಟರಿಗೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಇದೆ ಎಂಬುದೂ ಅಲ್ಲಿಗೇ ಸೇರುವ ಸಂಗತಿ.

ಇದರಲ್ಲಿ ಎರಡು ಗುಟ್ಟು ಇದೆ. ಒಂದು, ಒಂದು ಪ್ಯಾರಾಕ್ಕೆ ಒಂದೇ ವಿಷಯ. ಬಣ್ಣ ಹೇಳುತ್ತಾ ಇರುವಾಗ ಮಧ್ಯದಲ್ಲಿ ಎಣ್ಣೆಗೆ ಹಾರಬಾರದು. ಎರಡು, ಕ್ರಿಯಾಪದ. ಯಾವಾಗಲೂ ನಿಜವಾಗಿರುವ ಸಂಗತಿಗೆ ಇಂಗ್ಲಿಷಿನಲ್ಲಿ ಸರಳ ವರ್ತಮಾನ ಕಾಲವನ್ನೇ ಬಳಸುತ್ತಾರೆ. 'ಸಾರ್ಡೀನ್ಸ್ ಸ್ವಿಮ್ ಇನ್ ಶೋಲ್ಸ್' ಎನ್ನಬೇಕು. ನಮ್ಮ ಮಕ್ಕಳು 'ಸಾರ್ಡೀನ್ಸ್ ಆರ್ ಸ್ವಿಮ್ಮಿಂಗ್' ಎಂದು ಬರೆಯುತ್ತಾರೆ. ಯಾಕೆಂದರೆ 'ಈಜುತ್ತಾ ಇರುತ್ತವೆ' ಎಂದು ಮನಸ್ಸಿನಲ್ಲಿ ಕನ್ನಡ ಓಡುತ್ತಿರುತ್ತದೆ. 'ಆರ್ ಸ್ವಿಮ್ಮಿಂಗ್' ಎಂದರೆ ಇದೀಗ, ಈ ಕ್ಷಣದಲ್ಲಿ ಈಜುತ್ತಾ ಇವೆ ಎಂದಾಗುತ್ತದೆ.

ಇನ್ನು ಅಭಿಪ್ರಾಯ. 'ನನ್ನ ಉಮ್ಮ ಮಾಡುವ ಬೂತಾಯಿ ಪುಳಿಮುಂಚಿಗೆ ಸಮ ಇನ್ನೊಂದಿಲ್ಲ' ಎಂಬುದು ನಮ್ಮೆಲ್ಲರ ಮನೆಯಲ್ಲೂ ನಿಜವೇ. ಆದರೆ ವರದಿಯಲ್ಲಿ ಅದಕ್ಕೆ ಜಾಗ ಇಲ್ಲ. 'ಕರಾವಳಿಯ ಮನೆಗಳಲ್ಲಿ ಇದನ್ನು ಹುಣಸೆ ಹುಳಿ ಮತ್ತು ಮೆಣಸಿನ ಮಸಾಲೆಯಲ್ಲಿ ಬೇಯಿಸುತ್ತಾರೆ' ಎಂದು ಬರೆದರೆ ಅದು ಸಂಗತಿ, ಯಾರು ಬೇಕಾದರೂ ಬಂದು ನೋಡಿ ಹೌದೋ ಅಲ್ಲವೋ ಹೇಳಬಹುದು. ಸಂಗತಿಯನ್ನೂ ಅಭಿಪ್ರಾಯವನ್ನೂ ಬೇರೆ ಮಾಡಲು ಮಕ್ಕಳಿಗೆ ಇದೊಂದು ಪರೀಕ್ಷೆ ಸಾಕು: ಬೇರೆಯವರು ಹೋಗಿ ಪರೀಕ್ಷಿಸಿ ನೋಡಬಹುದಾ? ನೋಡಬಹುದಾದರೆ ಬರೆ, ಇಲ್ಲದಿದ್ದರೆ ಬಿಡು.

ಎರಡನೇ ಬಗೆ, ಘಟನೆಯ ವರದಿ. ಇದಕ್ಕೆ ಉದಾಹರಣೆ ಹೇಳುವಾಗ ನಮ್ಮ ಕೈ ಸ್ವಲ್ಪ ನಡುಗುತ್ತದೆ. 2010ರ ಮೇ 22, ಶನಿವಾರ ಬೆಳಿಗ್ಗೆ ಆರು ಗಂಟೆ ದಾಟಿದ ಹೊತ್ತಿಗೆ ದುಬೈಯಿಂದ ಬಂದ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿತ್ತು. ವಿಮಾನದಲ್ಲಿ ಇದ್ದವರು 166 ಮಂದಿ, ತೀರಿಕೊಂಡವರು 158, ಉಳಿದವರು 8. ನಮ್ಮ ಸಮುದಾಯದ ಎಷ್ಟೋ ಮನೆಗಳಲ್ಲಿ ಆ ದಿನ ಇನ್ನೂ ಮುಗಿದಿಲ್ಲ. ಆ ವಾರ ಊರಲ್ಲಿ ಆಡಿದ ಮಾತುಗಳಿಗೆ ಲೆಕ್ಕ ಇರಲಿಲ್ಲ. ಮಂಜು ಇತ್ತಂತೆ, ಮಳೆ ಇತ್ತಂತೆ, ಟಯರ್ ಒಡೆಯಿತಂತೆ, ರನ್‌ವೇಯೇ ಸರಿ ಇಲ್ಲವಂತೆ.

ಕೇಂದ್ರ ಸರಕಾರ ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದಲ್ಲಿ ವಿಚಾರಣೆ ಮಾಡಿಸಿತು. ಅದರ ವರದಿ ಇಂಗ್ಲಿಷಿನಲ್ಲಿದೆ. ವಿಮಾನ ಅಪಘಾತದ ವರದಿ ಹೇಗಿರಬೇಕು ಎಂಬುದಕ್ಕೆ ಇಡೀ ಲೋಕಕ್ಕೆ ಒಂದೇ ಕ್ರಮ ಇದೆ. ನಾಲ್ಕು ಭಾಗ: ಮೊದಲು ಸಂಗತಿಗಳು, ಎರಡನೆಯದು ಅವುಗಳ ವಿಶ್ಲೇಷಣೆ, ಮೂರನೆಯದು ತೀರ್ಮಾನ, ನಾಲ್ಕನೆಯದು ಮುಂದೆ ಹೀಗಾಗದಂತೆ ಏನು ಮಾಡಬೇಕು ಎಂಬ ಶಿಫಾರಸು. ಮೊದಲ ಭಾಗದಲ್ಲಿ ಯಾರನ್ನೂ ಬೈಯುವುದಿಲ್ಲ, ಯಾರಿಗೂ ಅಳುವುದಿಲ್ಲ. ಗಾಳಿ ಶಾಂತವಾಗಿತ್ತು, 6 ಕಿಲೋಮೀಟರ್ ದೂರದ ತನಕ ಕಣ್ಣಿಗೆ ಕಾಣುತ್ತಿತ್ತು. ರನ್‌ವೇಯ ಉದ್ದ 2,450 ಮೀಟರ್, ಅಂದರೆ ಸುಮಾರು 8,000 ಅಡಿ. ವಿಮಾನ ನೆಲ ಮುಟ್ಟಿದ್ದು ರನ್‌ವೇಯ ಆರಂಭದಿಂದ ಸುಮಾರು 5,200 ಅಡಿ ದಾಟಿದ ಮೇಲೆ. ಇಳಿಯುವುದು ಬೇಡ, ಮತ್ತೆ ಮೇಲೆ ಹೋಗುವ ಎಂದು ಸಹ ಪೈಲಟ್ ಮೂರು ಬಾರಿ ಹೇಳಿದ್ದರು. ಆ ಮಾತನ್ನು ಕೇಳದೆ ಇಳಿಸಲು ಹೊರಟದ್ದೇ ಅಪಘಾತದ ನೇರ ಕಾರಣ ಎಂಬ ತೀರ್ಮಾನ ಬರುವುದು ನಂತರದ ಭಾಗದಲ್ಲಿ.

'ಮೂರು ಬಾರಿ' ಎಂಬ ಆ ಎರಡು ಪದಗಳನ್ನು ಸ್ವಲ್ಪ ಗಮನಿಸಿ. 'ಪದೇ ಪದೇ ಎಚ್ಚರಿಸಿದರು' ಎಂದು ಬರೆದಿದ್ದರೆ ಅದೊಂದು ಮಾತಾಗುತ್ತಿತ್ತು, ಯಾರು ಬೇಕಾದರೂ ಇಲ್ಲ ಎನ್ನಬಹುದಾಗಿತ್ತು. ಮೂರು ಎಂದರೆ ಮೂರೇ. ಧ್ವನಿಮುದ್ರಣದಲ್ಲಿ ಎಣಿಸಿ ನೋಡಬಹುದು. ತಾವೂ ಬದುಕಿ ಉಳಿಯದ ಆ ಸಹ ಪೈಲಟ್ ತನ್ನ ಕರ್ತವ್ಯ ಮಾಡಿದ್ದರು ಎಂಬುದಕ್ಕೆ ಇವತ್ತಿಗೂ ಸಾಕ್ಷಿ ಆ ಎರಡು ಪದ. ಮಂಜು, ಮಳೆಯ ಮಾತು ನಿಂತದ್ದೂ 6 ಕಿಲೋಮೀಟರ್ ಎಂಬ ಒಂದು ಸಂಖ್ಯೆಯಿಂದ. ದುಃಖವನ್ನು ಹೇಳದೆಯೇ ಆ ವರದಿ ದುಃಖಿತರಿಗೆ ನ್ಯಾಯ ಮಾಡಿದೆ. ಇಷ್ಟು ಹೇಳಿದ ಮೇಲೆ ನಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ನಮ್ಮವರ ಸಾವಿನ ಬಗ್ಗೆ ಬರೆದ ಆ ವರದಿಯನ್ನು ನಮ್ಮಲ್ಲಿ ಎಷ್ಟು ಮನೆಯವರು ಓದಿದ್ದೇವೆ? ಓದಿ ಉಮ್ಮನಿಗೆ, ಉಪ್ಪನಿಗೆ ವಿವರಿಸಿ ಹೇಳಬಲ್ಲ ಮಕ್ಕಳು ಎಷ್ಟಿದ್ದರು? ಬರೆಯಲು ಕಲಿತವನಿಗೆ ಇಂಥದನ್ನು ಓದಲೂ ಬರುತ್ತದೆ. ಯಾವ ಸಾಲು ಸಂಗತಿ, ಯಾವ ಸಾಲು ತೀರ್ಮಾನ ಎಂದು ಅವನಿಗೆ ಗೊತ್ತಾಗುತ್ತದೆ.

ಇಲ್ಲಿ ನಮ್ಮ ಭಾಷೆಯ ಒಂದು ವಿಶೇಷವನ್ನು ಹೇಳಲೇಬೇಕು. ಕನ್ನಡದಲ್ಲಿ 'ಅಂತೆ' ಎಂಬ ಒಂದು ಸಣ್ಣ ಪದ ಇದೆ. 'ಲಾರಿ ಬ್ರೇಕ್ ಹಾಕಲಿಲ್ಲ' ಎಂದರೆ ನಾನು ನೋಡಿದ್ದು. 'ಲಾರಿ ಬ್ರೇಕ್ ಹಾಕಲಿಲ್ಲವಂತೆ' ಎಂದರೆ ಯಾರೋ ಹೇಳಿದ್ದು ಕೇಳಿದ್ದು. ಇಷ್ಟು ದೊಡ್ಡ ವ್ಯತ್ಯಾಸವನ್ನು ನಾವು ಎರಡೇ ಅಕ್ಷರದಲ್ಲಿ ಹೇಳಿ ಮುಗಿಸುತ್ತೇವೆ. ಇಂಗ್ಲಿಷಿನಲ್ಲಿ ಹೀಗೆ ಬಾಲಕ್ಕೆ ಅಂಟಿಸುವ 'ಅಂತೆ' ಇಲ್ಲ. ಹಾಗಾಗಿ ನಮ್ಮ ಮಕ್ಕಳು ಇಂಗ್ಲಿಷಿಗೆ ಹೋಗುವಾಗ ಅದು ದಾರಿಯಲ್ಲೇ ಬಿದ್ದು ಹೋಗುತ್ತದೆ. ಕೇಳಿದ ಸುದ್ದಿಯೂ ನೋಡಿದ ಸಂಗತಿಯಂತೆ ಕಾಗದಕ್ಕೆ ಇಳಿಯುತ್ತದೆ. ನಾಳೆ ಆಫೀಸಿನಲ್ಲೋ ಕೋರ್ಟಿನಲ್ಲೋ 'ನೀನು ನೋಡಿದ್ದೀಯಾ?' ಎಂದು ಕೇಳಿದರೆ ಬಾಯಿ ಒಣಗುತ್ತದೆ. ಇಂಗ್ಲಿಷಿನಲ್ಲಿ 'ಅಂತೆ'ಗೆ ಬದಲಾಗಿ ಹೇಳಿದವರನ್ನೇ ತರಬೇಕು: 'ದ ಡ್ರೈವರ್ ಸೆಡ್ ದಟ್ ದ ಬ್ರೇಕ್ ಫೇಲ್ಡ್'. ನೋಡಿದ್ದಾದರೆ 'ಐ ಸಾ'. ಯಾರು ಹೇಳಿದರು ಎಂದು ಗೊತ್ತಿಲ್ಲದಿದ್ದರೆ ಬರೆಯುವುದೇ ಬೇಡ. ಹದೀಸ್ ಕಲಿತವರಿಗೆ ಈ ಶಿಸ್ತು ಹೊಸತೇನಲ್ಲ. ಯಾರಿಂದ ಯಾರು ಕೇಳಿದರು ಎಂಬ ಕೊಂಡಿ ಗಟ್ಟಿ ಇದ್ದರೆ ಮಾತ್ರ ಮಾತಿಗೆ ಬೆಲೆ ಎಂದು ಅಲ್ಲಿ ಕಲಿಸುತ್ತಾರೆ. ಅದನ್ನೇ ಸೈಟಿನ ರಿಪೋರ್ಟಿಗೂ ತಂದರಾಯಿತು.

ಇನ್ನೂ ಕೆಲವು ಕಡೆ ನಾವು ಎಡವುತ್ತೇವೆ. ಒಂದು, ಕರ್ತೃವನ್ನು ಬಿಡುವುದು. 'ಆಸ್ಪತ್ರೆಗೆ ಕೊಂಡು ಹೋಗಿ ಹೊಲಿಗೆ ಹಾಕಿಸಿದೆವು' ಎಂದರೆ ಕನ್ನಡದಲ್ಲಿ ಎಲ್ಲವೂ ಸರಿ, ಕ್ರಿಯಾಪದದಲ್ಲೇ 'ನಾವು' ಇದೆ. ಇಂಗ್ಲಿಷಿನಲ್ಲಿ 'ಟುಕ್ ಟು ಹಾಸ್ಪಿಟಲ್' ಎಂದು ಬರೆದರೆ ಯಾರು ಕೊಂಡು ಹೋದರು ಎಂಬುದೇ ಇಲ್ಲ. ಪ್ರತಿ ವಾಕ್ಯಕ್ಕೂ ಮಾಡಿದವರು ಬೇಕು. ಎರಡು, ಹೆದರಿಕೆಯಿಂದ ಕರ್ಮಣಿ ಪ್ರಯೋಗದ ಹಿಂದೆ ಅಡಗುವುದು. 'ದ ಗೇಟ್ ವಾಸ್ ಲೆಫ್ಟ್ ಓಪನ್' ಎಂದರೆ ಗೇಟು ತೆರೆದಿತ್ತು ಎಂದಾಯಿತು, ತೆರೆದಿಟ್ಟವರು ಯಾರು? ಗೊತ್ತಿದ್ದರೆ ಹೇಳಬೇಕು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಬೇಕು. ಮೂರು, ವಿಶೇಷಣಗಳು. 'ವೆರಿ ಫಾಸ್ಟ್', 'ಹ್ಯೂಜ್', 'ಹೆವಿ' ಎನ್ನುವ ಬದಲು ಸಂಖ್ಯೆ ಕೊಡಬೇಕು. ಭಾರವಾದ ಹಲಗೆ ಎಂದರೆ ಓದುವವನ ಕಣ್ಣಿಗೆ ಏನೂ ಕಾಣುವುದಿಲ್ಲ, ಎರಡು ಮೀಟರ್ ಉದ್ದದ ಮರದ ಹಲಗೆ ಎಂದರೆ ಕಾಣುತ್ತದೆ. ಅಳೆಯದಿದ್ದರೆ 'ಅಬೌಟ್' ಎಂದು ಸೇರಿಸಿ, ಸುಳ್ಳು ನಿಖರತೆ ಬೇಡ. ನಾಲ್ಕು, ಕಾಲ. ನಡೆದು ಮುಗಿದ ಘಟನೆಗೆ ಭೂತಕಾಲ, ಕೊನೆಯ ತನಕ ಅದೇ. ಮಧ್ಯದಲ್ಲಿ 'ಹೀ ಈಸ್ ಕಮಿಂಗ್' ಎಂದು ಸಿನಿಮಾ ಕತೆ ಹೇಳಿದ ಹಾಗೆ ಆಗಬಾರದು. ಐದು, ಕ್ರಮ. ಮೊದಲು ನಡೆದದ್ದು ಮೊದಲು, ಆಮೇಲೆ ನಡೆದದ್ದು ಆಮೇಲೆ. ಬಾಯಲ್ಲಿ ಹೇಳುವಾಗ ನಾವು ರಕ್ತದಿಂದ ಸುರು ಮಾಡಿ ಹಿಂದಕ್ಕೆ ಬರುತ್ತೇವೆ. ಬರಹದಲ್ಲಿ ಗಡಿಯಾರ ಮುಂದಕ್ಕೇ ಹೋಗಬೇಕು.

ಇದೆಲ್ಲ ಇಂಗ್ಲಿಷ್ ಮೀಡಿಯಂನವರ ಸಂಗತಿ ಎಂದು ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ. ಬ್ಯಾರ, ಅಂದರೆ ವ್ಯಾಪಾರ, ಮಾಡುವವರು ಎಂಬುದರಿಂದಲೇ ನಮಗೆ ಬ್ಯಾರಿ ಎಂಬ ಹೆಸರು ಬಂತು ಎಂದು ಹಲವರು ಹೇಳುತ್ತಾರೆ. ಹಳೆಯ ಅಂಗಡಿಗಳ ಲೆಕ್ಕದ ಪುಸ್ತಕವನ್ನು ತೆರೆದು ನೋಡಿ. ತಾರೀಕು, ಹೆಸರು, ಅಡಿಕೆ ಎಷ್ಟು ಕಿಲೋ, ದರ ಎಷ್ಟು, ಕೊಟ್ಟದ್ದೆಷ್ಟು, ಬಾಕಿ ಎಷ್ಟು. 'ಈ ಗಿರಾಕಿ ತುಂಬಾ ಸತಾಯಿಸುತ್ತಾನೆ' ಎಂದು ಯಾವ ಅಜ್ಜನೂ ಲೆಕ್ಕದ ಪುಸ್ತಕದಲ್ಲಿ ಬರೆಯಲಿಲ್ಲ. 'ಮೂರು ತಿಂಗಳ ಬಾಕಿ' ಎಂದು ಬರೆದರು. ಅದಕ್ಕಿಂತ ಒಳ್ಳೆಯ ವರದಿ ಬೇಕಾ? ನಾಲ್ಕನೇ ಕ್ಲಾಸು ಕಲಿತ ಅಜ್ಜನಿಗೆ ಬಂದದ್ದು ಪದವಿ ಕಲಿತ ಮೊಮ್ಮಗನಿಗೆ ಬರುವುದಿಲ್ಲ ಎಂದರೆ ತಪ್ಪು ಭಾಷೆಯದ್ದಲ್ಲ, ಅಭ್ಯಾಸದ್ದು.

ಊರಿನಲ್ಲೇ ಇರುವವರಿಗೂ ಇದು ಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ, ಪೊಲೀಸ್ ಠಾಣೆಯಲ್ಲಿ ಗಂಭೀರ ಅಪರಾಧದ ಬಗ್ಗೆ ಬಾಯಲ್ಲಿ ಹೇಳಿದ ಮಾಹಿತಿಯನ್ನು ಬರೆದುಕೊಂಡು, ಹೇಳಿದವರಿಗೆ ಓದಿ ಹೇಳಿ, ಸಹಿ ಪಡೆಯಬೇಕು. ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಓದಿ ಹೇಳುವಾಗ ಸಮಯ, ಜಾಗ, ಹೆಸರು ಸರಿ ಇದೆಯಾ ಎಂದು ಕಿವಿಗೊಡುವವರು ಎಷ್ಟು ಮಂದಿ? ಅಲ್ಲಿ ಬರಹ ಕನ್ನಡದಲ್ಲಿರುತ್ತದೆ, ನಿಜ. ಆದರೆ ಶಿಸ್ತು ಒಂದೇ. ಕನ್ನಡದಲ್ಲಿ ಸಂಗತಿ ಹೇಳಲು ಬಾರದವನಿಗೆ ಇಂಗ್ಲಿಷಿನಲ್ಲಿ ಬರುವುದು ಕಷ್ಟ.

ಏನು ಮಾಡಬಹುದು? ದೊಡ್ಡ ಖರ್ಚಿನ ಕೆಲಸ ಏನೂ ಇಲ್ಲ. ಮನೆಯಲ್ಲಿ ವಾರಕ್ಕೊಮ್ಮೆ ಮಕ್ಕಳನ್ನು ಕೂರಿಸಿ ಆ ವಾರ ಕಣ್ಣಿಗೆ ಕಂಡ ಒಂದು ಘಟನೆಯನ್ನು ಮೊದಲು ಬ್ಯಾರಿಯಲ್ಲೇ ಹೇಳಿಸಿ. ಯಾವಾಗ, ಎಲ್ಲಿ, ಯಾರು, ಏನು, ಆಮೇಲೆ ಏನು ಎಂದು ನೀವೇ ಕೇಳಿ. ಅದಕ್ಕೆ ಹೆತ್ತವರಿಗೆ ಇಂಗ್ಲಿಷ್ ಬರಬೇಕೆಂದಿಲ್ಲ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹತ್ತು ವಾಕ್ಯದಲ್ಲಿ ಬರೆಯಲಿ. ಸಣ್ಣ ವಾಕ್ಯ ಸಾಕು, ದೊಡ್ಡ ಪದ ಬೇಡ. ಬರೆದದ್ದನ್ನು ಆ ಜಾಗದಲ್ಲಿ ಇಲ್ಲದ ಇನ್ನೊಬ್ಬರು ಓದಲಿ. ಓದಿದವರಿಗೆ ಮತ್ತೂ ಪ್ರಶ್ನೆ ಉಳಿದರೆ ಅಲ್ಲಿ ಒಂದು ವಾಕ್ಯ ಕಡಿಮೆ ಇದೆ ಎಂದು ಅರ್ಥ. ಜಮಾಅತ್ ಕಮಿಟಿಗಳು, ಯುವಕ ಸಂಘಗಳು ಕೊಲ್ಲಿಗೆ ಹೊರಟ ಹುಡುಗರಿಗೆ ಪಾಸ್‌ಪೋರ್ಟ್, ಮೆಡಿಕಲ್ ಎಂದು ಸಹಾಯ ಮಾಡುತ್ತಾ ಬಂದಿವೆ. ಅದರ ಜೊತೆ ಒಂದು ದಿನದ ವರದಿ ಬರೆಯುವ ತರಬೇತಿಯನ್ನೂ ಇಡಲಿ. ಸೈಟುಗಳಲ್ಲಿ ಬರೆದು ಬಂದು ನಿವೃತ್ತರಾದ ಹಿರಿಯರು ನಮ್ಮ ಊರುಗಳಲ್ಲಿ ಬೇಕಾದಷ್ಟು ಇದ್ದಾರೆ, ಕಲಿಸಲು ಅವರೇ ಸಾಕು. ಹೆಣ್ಣುಮಕ್ಕಳನ್ನು ಇದರಿಂದ ಹೊರಗೆ ಇಡಬೇಡಿ. ನರ್ಸಿಂಗ್ ಕಲಿತವಳಿಗೆ ರೋಗಿಯ ಸ್ಥಿತಿ ಬರೆಯುವುದು ದಿನದ ಕೆಲಸ. 'ಪೇಷೆಂಟ್ ವಾಸ್ ನಾಟ್ ವೆಲ್' ಎಂದು ಬರೆದರೆ ಮುಂದಿನ ಪಾಳಿಯವಳಿಗೆ ಏನೂ ತಿಳಿಯುವುದಿಲ್ಲ, ಜ್ವರ ಎಷ್ಟು ಗಂಟೆಗೆ ಎಷ್ಟು ಡಿಗ್ರಿ ಎಂದು ಬರೆದರೆ ತಿಳಿಯುತ್ತದೆ.

ಆ ಹುಡುಗನ ವಿಷಯಕ್ಕೆ ಬರುವ. ಫೋನಿನಲ್ಲೇ ಅವನನ್ನು ಒಂದೊಂದೇ ಪ್ರಶ್ನೆ ಕೇಳಿದೆವು, ಅವ ಉತ್ತರ ಹೇಳುತ್ತಾ ಬರೆದುಕೊಂಡ. ಬೆಳಿಗ್ಗೆ ಸುಮಾರು 10.20. ಬ್ಲಾಕ್ ಬಿ, ಪೂರ್ವದ ಬದಿ, ಸ್ಕ್ಯಾಫೋಲ್ಡಿಂಗ್‌ನ ಎರಡನೇ ಹಂತ. ಹಲಗೆಯ ಒಂದು ತುದಿ ಕಟ್ಟಿತ್ತು, ಇನ್ನೊಂದು ತುದಿ ಕಟ್ಟಿರಲಿಲ್ಲ. ಕೆಳಗೆ ನಿಂತಿದ್ದವನ ಎಡ ಪಾದಕ್ಕೆ ಬಿತ್ತು. ಅವ ಸೇಫ್ಟಿ ಶೂ ಹಾಕಿದ್ದ. 'ನಾನು ಎಂಟು ಮೀಟರ್ ದೂರದಲ್ಲಿ ನಿಂತು ನೋಡಿದೆ.' ಫೋರ್‌ಮನ್ 10.35ಕ್ಕೆ ಅವನನ್ನು ಕಂಪನಿಯ ಗಾಡಿಯಲ್ಲಿ ಕ್ಲಿನಿಕ್ಕಿಗೆ ಕೊಂಡು ಹೋದ. ಹಲಗೆಯನ್ನು ಯಾರು ಹಾಗೆ ಬಿಟ್ಟರು ಎಂದು ತನಗೆ ಗೊತ್ತಿಲ್ಲ. ಒಟ್ಟು ಒಂಬತ್ತು ವಾಕ್ಯ. 'ಅವ ಒಳ್ಳೆಯವ ಅಂತ ಒಂದು ಸಾಲು ಬರೆಯಬೇಡವಾ?' ಎಂದು ಕೊನೆಗೆ ಕೇಳಿದ. ಬೇಡ, 'ಸೇಫ್ಟಿ ಶೂ ಹಾಕಿದ್ದ' ಎಂದು ಬರೆದಿದ್ದೀಯಲ್ಲ, ಅವನಿಗೆ ಬೇಕಾದ ಸಾಲು ಅದು ಎಂದೆವು.

ಆ ಸಲ ರಿಪೋರ್ಟ್ ವಾಪಸ್ ಬರಲಿಲ್ಲ.